ಕೆಪಾಸಿಟರ್ ಜಾಸ್ತಿ ಮಾಡಿದರೂ ಹಮ್ ಯಾಕೆ ಹೋಗಲಿಲ್ಲ?

ಪ್ರಶ್ನೆ: ಸರ್, ನಾನು ಕಲಬುರಗಿಯವನು. ಚಾನೆಲ್‌ಗೆ 50 ವಾಟ್‌ನ ಸ್ಟೀರಿಯೊ ಆಂಪ್ಲಿಫೈಯರ್ ನಾನೇ ಕಟ್ಟಿದ್ದೇನೆ. 25-0-25 ವೋಲ್ಟ್ ಟ್ರಾನ್ಸ್‌ಫಾರ್ಮರ್, ಪ್ಲಸ್‌ಗೊಂದು ಮೈನಸ್‌ಗೊಂದು 10,000 ಮೈಕ್ರೊಫ್ಯಾರಡ್ ಕೆಪಾಸಿಟರ್. ಸ್ಪೀಕರ್ ನಡೆಸುವ ಪವರ್ ಆಂಪ್‌ಗೆ ಮೊದಲು ಸಿಗ್ನಲ್ ಹಿಡಿಯುವ ಪ್ರಿಆಂಪ್ ಹಳೆ ಮಾದರಿಯ ಟ್ರಾನ್ಸಿಸ್ಟರ್ ಬೋರ್ಡು. ಅದಕ್ಕೆ ಬೇರೆ 15-0-15 ಟ್ರಾನ್ಸ್‌ಫಾರ್ಮರ್, ವೋಲ್ಟೇಜನ್ನು 15ಕ್ಕೆ ಸ್ಥಿರವಾಗಿಡುವ 7815 ಮತ್ತು 7915 ರೆಗ್ಯುಲೇಟರ್ ಐಸಿ. ಹಗಲು ಚೆನ್ನಾಗಿತ್ತು. ಸಂಜೆ ವೋಲ್ಟೇಜ್ ಇಳಿದ ಮೇಲೆ ಗುಂಯ್ ಅನ್ನುವ ಹಮ್ ಶುರುವಾಗುತ್ತಿತ್ತು. ಅಂಗಡಿಯವರು ಕೆಪಾಸಿಟರ್ ಜಾಸ್ತಿ ಮಾಡಿ ಅಂದರು. ಇನ್ನೊಂದು ಜೋಡಿ ವೈರ್ ಎಳೆದು ಸೇರಿಸಿದೆ. ಈಗ ಹಗಲಲ್ಲೂ ಸಣ್ಣಗೆ ಝರ್ ಅನ್ನುತ್ತಿದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದರೆ ಕೇಳೋಕೇ ಆಗುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಆಂಪ್ಲಿಫೈಯರ್‌ಗಳಲ್ಲಿ ಡಬ್ಬಿಯಷ್ಟು ದೊಡ್ಡ ಕೆಪಾಸಿಟರ್ ಇರುತ್ತವಲ್ಲ, ಅಷ್ಟು ಹಾಕಬೇಕಾ? ಅಥವಾ ಈ ಟ್ರಾನ್ಸ್‌ಫಾರ್ಮರ್ ಬಿಟ್ಟು ಎಸ್‌ಎಂಪಿಎಸ್‌ಗೆ (ಸ್ವಿಚಿಂಗ್ ಪವರ್ ಸಪ್ಲೈಗೆ) ಹೋಗಬೇಕಾ? ನಾನು ಹೆಚ್ಚಾಗಿ ಕೇಳೋದು ಹಿಂದೂಸ್ತಾನಿ ಗಾಯನ.

ಉತ್ತರ: ಸದ್ಯಕ್ಕೆ ಇನ್ನೊಂದು ಕೆಪಾಸಿಟರ್ ಕೊಳ್ಳಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಸಂಜೆಯ ಹಮ್‌ಗೆ ಒಂದು ಕಾರಣ, ಹಗಲಿನ ಝರ್‌ಗೆ ಇನ್ನೊಂದು, ಇನ್ವರ್ಟರ್ ಗಲಾಟೆಗೆ ಮತ್ತೊಂದು. ಮೂರರಲ್ಲಿ ಯಾವುದೂ ಕೆಪಾಸಿಟರ್ ಸಾಲದೆ ಬಂದದ್ದಲ್ಲ.

ಲೆಕ್ಕ ಹಾಕಿ ನೋಡೋಣ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತದೆ. ಅಂದರೆ 10 ಮಿಲಿಸೆಕೆಂಡಿಗೊಮ್ಮೆ. ನಡುವಿನ ಹೊತ್ತಿನಲ್ಲಿ ಆಂಪ್ಲಿಫೈಯರ್ ಅದರಿಂದ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಈ ಏರಿಳಿತಕ್ಕೇ ರಿಪಲ್ ಅನ್ನೋದು. ಎಷ್ಟು ಅಂತ ತಿಳಿಯಲು ಕರೆಂಟನ್ನು 0.01 ಸೆಕೆಂಡಿನಿಂದ ಗುಣಿಸಿ, ಕೆಪಾಸಿಟರ್ ಎಷ್ಟು ಫ್ಯಾರಡ್ ಇದೆಯೋ ಅದರಿಂದ ಭಾಗಿಸಿದರೆ ಆಯಿತು. ಹಾಡು ಹಾಕದೆ ಸುಮ್ನೆ ಆನ್ ಮಾಡಿಟ್ಟಾಗ ನಿಮ್ಮ ಎರಡು ಚಾನೆಲ್ ಸೇರಿ ಸುಮಾರು 0.2 ಆಂಪಿಯರ್ ಎಳೆಯುತ್ತವೆ ಅಂದುಕೊಳ್ಳಿ. 10,000 ಮೈಕ್ರೊಫ್ಯಾರಡ್‌ಗೆ ರಿಪಲ್ 0.2 ವೋಲ್ಟ್ ಬರುತ್ತದೆ. ಸಾಧಾರಣ ಒಳ್ಳೆಯ ಪವರ್ ಆಂಪ್ ಬೋರ್ಡು 100 ಹರ್ಟ್ಸ್‌ನಲ್ಲಿ ಸಪ್ಲೈ ಮೇಲಿನ ಗಲಾಟೆಯನ್ನು ಸಾವಿರದಲ್ಲೊಂದು ಪಾಲಿಗೆ, ಇಲ್ಲವೇ ಅದಕ್ಕೂ ಕೆಳಗೆ ಇಳಿಸುತ್ತದೆ. ಹಾಗಾದರೆ ಸ್ಪೀಕರ್‌ಗೆ ತಲುಪೋದು 0.2 ಮಿಲಿವೋಲ್ಟ್. ಇದು ಕಿವಿಗೆ ಬೀಳುವ ಮಟ್ಟದ್ದಲ್ಲ. ಕೆಪಾಸಿಟರ್ ಇಮ್ಮಡಿ ಮಾಡಿದರೆ 0.1 ಆಗುತ್ತದೆ ಅಷ್ಟೆ. ಕೇಳಿಸದೇ ಇದ್ದದ್ದು ಇನ್ನಷ್ಟು ಕೇಳಿಸದ ಹಾಗಾಯಿತು. ಅದರಿಂದ ಪ್ರಯೋಜನ ಏನು?

ಈಗ ಸಂಜೆಯ ಹಮ್. ವೋಲ್ಟೇಜ್ ಇಳಿದರೆ ಪವರ್ ಆಂಪ್‌ಗೆ ಏನಾಗುತ್ತದೆ ಅಂತ ಮೊದಲು ನೋಡಿ. 230ರಲ್ಲಿ ನಿಮ್ಮ 25 ವೋಲ್ಟ್ ವೈಂಡಿಂಗ್‌ನ ಅಲೆಯ ತುದಿ, ಅಂದರೆ ಅತಿ ಎತ್ತರದ ಮಟ್ಟ, 35, ಡಯೋಡ್ ಕಳೆದು ಸುಮಾರು 34 ವೋಲ್ಟ್ ಡಿಸಿ. ಮನೆಯ ವೋಲ್ಟೇಜ್ 190ಕ್ಕೆ ಇಳಿದರೆ ಇದು 28 ಆಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ತಿನ್ನುವ ಮೂರೂವರೆ ವೋಲ್ಟ್ ಬಿಟ್ಟರೆ 8 ಓಮ್ ಸ್ಪೀಕರ್‌ಗೆ ಸಿಗುವ ಗರಿಷ್ಠ ಪವರ್ 58 ವಾಟ್‌ನಿಂದ 37ರ ಆಸುಪಾಸಿಗೆ ಬರುತ್ತದೆ. ಕೇಳಿದರೆ ಭಾರಿ ಕುಸಿತ ಅನಿಸುತ್ತದೆ. ಆದರೆ ಡೆಸಿಬಲ್‌ನಲ್ಲಿ ಎರಡಕ್ಕಿಂತ ಕಡಿಮೆ. ಅದೂ ಪೂರ್ತಿ ಜೋರಾಗಿ ಇಟ್ಟಾಗ ಮಾತ್ರ. ದಿನಾ ಕೇಳುವ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ, ಯಾಕೆಂದರೆ ಆಂಪ್ಲಿಫೈಯರ್ ಸಿಗ್ನಲ್ ಅನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನೋದನ್ನು ಫೀಡ್‌ಬ್ಯಾಕ್ ರೆಸಿಸ್ಟರ್‌ಗಳು ತೀರ್ಮಾನಿಸುತ್ತವೆ, ಸಪ್ಲೈ ಅಲ್ಲ.

ಅಂದರೆ ತೊಂದರೆ ಪವರ್ ಆಂಪ್‌ನದ್ದಲ್ಲ, ಪ್ರಿಆಂಪ್‌ನದ್ದು. 7815 ಸರಿಯಾಗಿ 15 ವೋಲ್ಟ್ ಕೊಡಬೇಕಾದರೆ ಅದರ ಒಳಗೆ ಸುಮಾರು 17 ವೋಲ್ಟ್ ಆದರೂ ಬರಬೇಕು. ಇಲ್ಲಿ ಸರಾಸರಿ ನೋಡಿದರೆ ಸಾಲದು, ರಿಪಲ್‌ನ ತಳ ನೋಡಬೇಕು. ನಿಮ್ಮ 15 ವೋಲ್ಟ್ ವೈಂಡಿಂಗ್ 230ರಲ್ಲಿ ಸುಮಾರು 20 ವೋಲ್ಟ್ ಡಿಸಿ ಕೊಡುತ್ತದೆ. ಸಣ್ಣ ಕೆಪಾಸಿಟರ್ ಇದ್ದು ಅರ್ಧ ವೋಲ್ಟ್ ರಿಪಲ್ ಇದ್ದರೂ ತಳ 19.5ರ ಮೇಲೆಯೇ. ಚಿಂತೆಯಿಲ್ಲ. 200ಕ್ಕೆ ಇಳಿದಾಗ ತಳ ಸರಿಸುಮಾರು 17ರ ಅಂಚಿಗೆ ಬಂದು ನಿಲ್ಲುತ್ತದೆ. 190ರಲ್ಲಿ 16. ಅಲ್ಲಿಗೆ ರೆಗ್ಯುಲೇಟರ್ ಕೈಚೆಲ್ಲುತ್ತದೆ. ಅದು ಇದ್ದೂ ಇಲ್ಲದ ಹಾಗೆ, ಸೆಕೆಂಡಿಗೆ 100 ಸಲ ರಿಪಲ್ ನೇರವಾಗಿ ಪ್ರಿಆಂಪ್ ಒಳಗೆ ಹೋಗುತ್ತದೆ. ಆಪ್-ಆಂಪ್ ಐಸಿ ಇದ್ದ ಬೋರ್ಡಾಗಿದ್ದರೆ ಬಹುಪಾಲನ್ನು ಅದೇ ನುಂಗಿಕೊಳ್ಳುತ್ತಿತ್ತು. ಹಳೆಯ ಟ್ರಾನ್ಸಿಸ್ಟರ್ ಬೋರ್ಡಿಗೆ ಆ ತಾಕತ್ತು ಇರುವುದಿಲ್ಲ. ಸಪ್ಲೈನಲ್ಲಿ ಇದ್ದದ್ದು ಹಾಡಿನ ಜೊತೆಗೇ ಸೇರಿ ಮುಂದೆ ಹೋಗುತ್ತದೆ, ಪವರ್ ಆಂಪ್ ಅದನ್ನೂ 28 ಪಟ್ಟು ದೊಡ್ಡದು ಮಾಡುತ್ತದೆ. ಹಗಲು ಇಲ್ಲದ ಹಮ್ ಸಂಜೆ ಬರೋದು, ಮಲಗುವ ಹೊತ್ತಿಗೆ ಊರಿನ ಲೋಡ್ ಇಳಿದು ತಾನಾಗಿ ಹೋಗೋದು ಎಲ್ಲ ಇದರಿಂದಲೇ.

ಇದಕ್ಕೆ ಮದ್ದು ಬಹಳ ಅಗ್ಗ. 7815 ಬದಲು 7812, 7915 ಬದಲು 7912 ಹಾಕಿ. 12 ವೋಲ್ಟ್‌ಗೆ ಒಳಗೆ 14 ಸಾಕು. 190ರಲ್ಲೂ ನಿಮ್ಮ ಹತ್ತಿರ 16 ಇದೆ, 180ಕ್ಕೆ ಇಳಿದರೂ ನಡೆಯುತ್ತದೆ. ಪ್ರಿಆಂಪ್‌ನ ದನಿ ಕುಗ್ಗುತ್ತದೆ ಅನ್ನುವ ಭಯ ಬೇಡ. ಪೂರ್ತಿ 50 ವಾಟ್ ಬರಲು ಪವರ್ ಆಂಪ್‌ಗೆ ಬೇಕಾಗೋದು ಬರೀ 0.7 ವೋಲ್ಟ್ ಸಿಗ್ನಲ್. ನಿಮ್ಮ ಬೋರ್ಡಿಗೆ 15 ವೋಲ್ಟೇ ಬೇಕು ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಅನ್ನು 18-0-18 ಮಾಡಿಸಿ. ಒಂದು ಎಚ್ಚರಿಕೆ: 79 ಸರಣಿಯ ಐಸಿಗಳ ಕಾಲುಗಳ ಕ್ರಮ 78ರ ಹಾಗಿಲ್ಲ. 7912ರಲ್ಲಿ ನಡುವಿನ ಕಾಲು ಮತ್ತು ಬೆನ್ನಿನ ಲೋಹ ಎರಡೂ ಇನ್‌ಪುಟ್‌ಗೆ ಸೇರಿರುತ್ತವೆ, ಗ್ರೌಂಡ್‌ಗೆ ಅಲ್ಲ. ಮೈಕಾ ಹಾಳೆ ಹಾಕದೆ ಹೀಟ್‌ಸಿಂಕ್‌ಗೆ ಬಿಗಿದು, ಹೀಟ್‌ಸಿಂಕ್ ಬಾಡಿಗೆ ತಾಗಿತು ಅಂದರೆ ಆ ಕಡೆಯ ಸಪ್ಲೈ ಶಾರ್ಟ್ ಆಗುತ್ತದೆ.

ಹಗಲಿನ ಝರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಳ್ಳೆಯ ಆಂಪ್ಲಿಫೈಯರ್‌ಗೂ ಸಾಧಾರಣ ಆಂಪ್ಲಿಫೈಯರ್‌ಗೂ ನಿಜವಾದ ವ್ಯತ್ಯಾಸ ಇರೋದು ಈ ಜಾಗದಲ್ಲಿ. ಬಿಡಿಭಾಗಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಕೆಪಾಸಿಟರ್ ಆ 10 ಮಿಲಿಸೆಕೆಂಡ್ ಪೂರ್ತಿ ತುಂಬುತ್ತಾ ಇರುವುದಿಲ್ಲ. ಅಲೆಯ ತುದಿಯಲ್ಲಿ ಎರಡು ಮೂರು ಮಿಲಿಸೆಕೆಂಡ್ ಮಾತ್ರ ತುಂಬುತ್ತದೆ. ನಲ್ಲಿಯಲ್ಲಿ ನೀರು ಬಂದ ಸ್ವಲ್ಪ ಹೊತ್ತಿನಲ್ಲೇ ದಿನದ ನೀರೆಲ್ಲ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಅದಕ್ಕೇ ಸರಾಸರಿ 0.2 ಆಂಪಿಯರ್ ಇದ್ದರೂ ತುಂಬುವ ಕ್ಷಣದಲ್ಲಿ ಒಂದು, ಒಂದೂವರೆ ಆಂಪಿಯರ್ ಹರಿಯುತ್ತದೆ. ಜೋರಾಗಿ ತಬಲಾ ಬರುವಾಗ ಹತ್ತು ಆಂಪಿಯರ್ ದಾಟುವುದೂ ಉಂಟು. ಕೆಪಾಸಿಟರ್ ದೊಡ್ಡದಾದಷ್ಟೂ ತುಂಬುವ ಹೊತ್ತು ಇನ್ನೂ ಕಿರಿದಾಗುತ್ತದೆ, ಕರೆಂಟಿನ ತುದಿ ಇನ್ನೂ ಎತ್ತರವಾಗುತ್ತದೆ.

ಈ ಕರೆಂಟು ಎಲ್ಲಿ ಹರಿಯುತ್ತದೆ? ಪ್ಲಸ್ ಕೆಪಾಸಿಟರ್‌ನ ಮೈನಸ್ ಕಾಲು ಮತ್ತು ಮೈನಸ್ ಕೆಪಾಸಿಟರ್‌ನ ಪ್ಲಸ್ ಕಾಲು ಸೇರುವ ಕೊಂಡಿಯಲ್ಲಿ. ಅದನ್ನೇ ನಾವು ಗ್ರೌಂಡ್ ಅನ್ನುತ್ತೇವೆ, ಅಲ್ಲಿ ಸೊನ್ನೆ ವೋಲ್ಟ್ ಅಂತ ನಂಬುತ್ತೇವೆ. ಅದು ಪೂರ್ತಿ ಸೊನ್ನೆ ಅಲ್ಲ. 1 ಚದರ ಮಿಲಿಮೀಟರ್ ತಾಮ್ರದ ವೈರು 10 ಸೆಂಟಿಮೀಟರ್‌ಗೆ 1.7 ಮಿಲಿಓಮ್ ಇರುತ್ತದೆ. ಒಂದೂವರೆ ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ ಎರಡೂವರೆ ಮಿಲಿವೋಲ್ಟ್. ಇನ್‌ಪುಟ್‌ನ ಗ್ರೌಂಡನ್ನು ಒಂದು ತುದಿಗೆ, ಬೋರ್ಡಿನ ಗ್ರೌಂಡನ್ನು ಇನ್ನೊಂದು ತುದಿಗೆ ಹಾಕಿದ್ದೀರಿ ಅಂದುಕೊಳ್ಳಿ. ಆ ಎರಡೂವರೆ ಮಿಲಿವೋಲ್ಟ್ ಕೂಡ ಸಿಗ್ನಲ್ ಅಂತಲೇ ಲೆಕ್ಕ. 28 ಪಟ್ಟಾಗಿ 70 ಮಿಲಿವೋಲ್ಟ್ ಸ್ಪೀಕರ್‌ಗೆ ಹೋಗುತ್ತದೆ. ಸಾಮಾನ್ಯ ಸ್ಪೀಕರ್‌ನಲ್ಲಿ ಇದು ಕೋಣೆಯ ಇನ್ನೊಂದು ಮೂಲೆಗೂ ಕೇಳಿಸುತ್ತದೆ. ಚೂಪಾದ ತುಂಡು ಕರೆಂಟಿನಿಂದ ಹುಟ್ಟಿದ್ದರಿಂದ ಗುಂಯ್ ಅನ್ನುವ ಬದಲು ಝರ್ ಅಂತ ಕೇಳಿಸುತ್ತದೆ. ನಿಮ್ಮ ಕಿವಿ ಈ ವ್ಯತ್ಯಾಸವನ್ನು ಸರಿಯಾಗಿಯೇ ಹಿಡಿದಿದೆ.

ನೀವು ಎರಡನೇ ಜೋಡಿಯನ್ನು ವೈರ್ ಎಳೆದು ಸೇರಿಸಿದಾಗ, ಮೊದಲು ತುದಿಯಲ್ಲಿದ್ದ ಗ್ರೌಂಡ್ ಪಾಯಿಂಟು ಈಗ ತುಂಬುವ ಕರೆಂಟಿನ ದಾರಿಯ ನಡುವೆ ಬಂದು ಕೂತಿದೆ. ಹೊಸ ಜೋಡಿಯನ್ನು ತೆಗೆದುಬಿಡಿ. ಹಳೆಯ ಎರಡನ್ನು ಅಕ್ಕಪಕ್ಕ ನಿಲ್ಲಿಸಿ, ನಡುವೆ ದಪ್ಪ ತಾಮ್ರದ ಪಟ್ಟಿ ಹಾಕಿ. ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್ ಆ ಪಟ್ಟಿಯ ಮಧ್ಯಕ್ಕೆ ಬರಲಿ. ಅದೇ ಮಧ್ಯದಿಂದ ಒಂದೇ ಒಂದು ದಪ್ಪ ವೈರ್ ಹೊರಟು ಸ್ವಲ್ಪ ದೂರದ ಒಂದು ಬೋಲ್ಟ್‌ಗೆ ಹೋಗಲಿ. ಆ ಬೋಲ್ಟೇ ನಿಮ್ಮ ಗ್ರೌಂಡ್. ಸ್ಪೀಕರ್‌ಗಳ ವಾಪಸ್ ವೈರು, ಎರಡು ಬೋರ್ಡುಗಳ ಗ್ರೌಂಡು, ಇನ್‌ಪುಟ್‌ನ ಗ್ರೌಂಡು ಎಲ್ಲವೂ ಬೇರೆ ಬೇರೆಯಾಗಿ ಅಲ್ಲಿಗೆ ಬರಬೇಕು. ತಾಮ್ರದ ಪಟ್ಟಿಯ ಮೇಲೆ ಬೇರೆ ಏನನ್ನೂ ಬೆಸೆಯಬೇಡಿ, ಎಷ್ಟೇ ಅನುಕೂಲವಾಗಿ ಕಂಡರೂ. ಟ್ರಾನ್ಸ್‌ಫಾರ್ಮರ್‌ನಿಂದ ಬ್ರಿಡ್ಜ್‌ಗೆ, ಬ್ರಿಡ್ಜ್‌ನಿಂದ ಕೆಪಾಸಿಟರ್‌ಗೆ ಹೋಗುವ ವೈರುಗಳನ್ನು ಬಿಗಿಯಾಗಿ ಹೆಣೆದು ಇನ್‌ಪುಟ್ ಸಾಕೆಟ್‌ಗಳಿಂದ ದೂರ ಇಡಿ.

ನೀವು ಗಾಯನ ಕೇಳುವವರು, ಅದಕ್ಕೇ ಈ ಮಾತು. ಗಾಯಕರ ಷಡ್ಜ ಹಾರ್ಮೋನಿಯಂನ ಬಿಳಿ ಒಂದರಲ್ಲಿದ್ದು ತಂಬೂರಿಯ ಮೊದಲ ತಂತಿಯನ್ನು ಮಂದ್ರ ಪಂಚಮಕ್ಕೆ ಕೂಡಿಸಿದ್ದರೆ ಅದು 98 ಹರ್ಟ್ಸ್. ನಿಮ್ಮ ಸಪ್ಲೈನ ಸದ್ದು 100. ಎರಡೂ ಸೇರಿದರೆ ಸೆಕೆಂಡಿಗೆ ಎರಡು ಸಲ ಅಲುಗಾಟ ಬರುತ್ತದೆ. ಎಷ್ಟೋ ಜನ ಇದನ್ನು ಹಳೆಯ ರೆಕಾರ್ಡಿಂಗ್‌ನ ದೋಷ ಅಂತಲೇ ತಿಳಿದಿರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರಂಥವರ ಗಾಯನವನ್ನು ಶ್ರುತಿ ಅಲುಗಾಡುವ ಆಂಪ್ಲಿಫೈಯರ್‌ನಲ್ಲಿ ಕೇಳಬೇಕಾಗಿ ಬರುವುದು ನನಗೆ ನಿಜಕ್ಕೂ ಬೇಸರದ ವಿಷಯ. ಈ ವೈರಿಂಗ್ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ ಅಂತ ಅದಕ್ಕೇ ಕೇಳುತ್ತಿದ್ದೇನೆ.

ಹಾಗಾದರೆ ದುಬಾರಿ ಆಂಪ್ಲಿಫೈಯರ್‌ಗಳಲ್ಲಿ ಅಷ್ಟು ದೊಡ್ಡ ಕೆಪಾಸಿಟರ್ ಯಾಕೆ? ಹಲವು ಕಡೆ ಅದು ಸುಮ್ನೆ ತೋರಿಕೆಗಲ್ಲ. ಕ್ರೆಲ್, ಪಾಸ್ ಲ್ಯಾಬ್ಸ್ ಅಂಥವರು ಹೆಸರು ಮಾಡಿದ್ದು ಕ್ಲಾಸ್-ಎ ಆಂಪ್ಲಿಫೈಯರ್‌ಗಳಿಂದ. ಕ್ಲಾಸ್-ಎ ಅಂದರೆ ಹಾಡು ಇರಲಿ ಬಿಡಲಿ, ಪೂರ್ತಿ ಕರೆಂಟ್ ಸದಾ ಹರಿಯುತ್ತಲೇ ಇರುತ್ತದೆ. ನಿಮ್ಮದೇ 50 ವಾಟ್‌ಗೆ ಚಾನೆಲ್‌ಗೆ ಹೆಚ್ಚುಕಡಿಮೆ 1.8 ಆಂಪಿಯರ್, ಎರಡಕ್ಕೆ 3.6. ಮೇಲಿನ ಲೆಕ್ಕ ಹಾಕಿದರೆ 10,000 ಮೈಕ್ರೊಫ್ಯಾರಡ್‌ಗೆ ರಿಪಲ್ ಮೂರೂವರೆ ವೋಲ್ಟ್ ದಾಟುತ್ತದೆ, ಅದೂ ನಿಶ್ಶಬ್ದದಲ್ಲಿ. ಅಲ್ಲಿ ದೊಡ್ಡ ಕೆಪಾಸಿಟರ್ ಬೇಕೇ ಬೇಕು. ಸಾಲದು ಅಂತ ಕೆಪಾಸಿಟರ್‌ಗಳ ಎರಡು ಸಾಲಿನ ನಡುವೆ ಸಣ್ಣ ರೆಸಿಸ್ಟರ್ ಅಥವಾ ಕಾಯಿಲ್ ಕೂಡ ಹಾಕುತ್ತಾರೆ. ಅಂಥ ಪೆಟ್ಟಿಗೆ ಸುಮ್ನೆ ಕೂತಾಗಲೂ ಸುಮಾರು 250 ವಾಟ್ ಶಾಖ ಬಿಡುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಅದನ್ನು ಕೋಣೆಯೊಳಗೆ ಇಟ್ಟುಕೊಂಡು ಕೂರುವ ಸಲಹೆ ನಾನಂತೂ ಕೊಡಲಾರೆ. ನಿಮ್ಮದು ಕ್ಲಾಸ್-ಎಬಿ, ಹಾಡಿಗೆ ತಕ್ಕಷ್ಟೇ ಕರೆಂಟ್ ಎಳೆಯುವಂಥದ್ದು. ಅದಕ್ಕೆ 10,000 ಸಾಕು.

ಹಣ ಹಾಕುವ ಮನಸ್ಸಿದ್ದರೆ ಟ್ರಾನ್ಸ್‌ಫಾರ್ಮರ್‌ಗೆ ಹಾಕಿ. 50 ವಾಟ್‌ನ ಎರಡು ಚಾನೆಲ್‌ಗೆ 250ರಿಂದ 300 ವಿಎ ಇರಲಿ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 5ರ ಹತ್ತಿರ ಇಳಿಯುತ್ತದೆ, ಆಗ ಕರೆಂಟ್ ಒದಗಿಸೋದು ಇದೇ. ವೈಂಡಿಂಗ್ ಮಾಡುವವರಿಗೆ ಎರಡು ಮಾತು ಮೊದಲೇ ಹೇಳಿ. ಒಂದು, ಪ್ರೈಮರಿಯನ್ನು 250-260 ವೋಲ್ಟ್ ಬಂದರೂ ಒಳಗಿನ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗದ (ಅದರ ಕಾಂತಶಕ್ತಿಯ ಮಿತಿ ಮೀರದ) ಹಾಗೆ ಸುತ್ತಲಿ. 220ಕ್ಕೆ ಅಂತ ಬಿಗಿಯಾಗಿ ಸುತ್ತಿದ್ದು ನಡುರಾತ್ರಿ ವೋಲ್ಟೇಜ್ ಏರಿದಾಗ ತಾನೇ ಗುನುಗತೊಡಗುತ್ತದೆ. ಎರಡು, ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಒಂದು ಸುತ್ತು ತಾಮ್ರದ ಹಾಳೆ ಹಾಕಿ ಅರ್ಥ್‌ಗೆ ಕೊಡಲಿ. ಹಾಳೆಯ ಎರಡು ತುದಿ ಮಾತ್ರ ಒಂದಕ್ಕೊಂದು ತಾಗಕೂಡದು, ತಾಗಿದರೆ ಅದೇ ಶಾರ್ಟ್ ಆದ ಸುತ್ತಾಗುತ್ತದೆ. ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಒಳ್ಳೆಯದೇ, ಅದರ ಕಾಂತಕ್ಷೇತ್ರ ಹೊರಗೆ ಸೋರುವುದು ಕಡಿಮೆ. ಆದರೆ ಲೈನಿನಲ್ಲಿ ಸ್ವಲ್ಪ ಡಿಸಿ ಸೇರಿದರೂ ಅದು ಗೊರಗೊರ ಅನ್ನುತ್ತದೆ. ಸದ್ದು ಸ್ಪೀಕರ್‌ನಿಂದಲ್ಲದೆ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಇದು ಅಂತ ತಿಳಿಯಿರಿ. ಆನ್ ಮಾಡಿದಾಗ ಟೊರಾಯ್ಡಲ್ ಎಳೆಯುವ ಕರೆಂಟೂ ಜಾಸ್ತಿ. 10 ಓಮ್‌ನ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ಓಮ್ ಇಳಿಯುವ ರೆಸಿಸ್ಟರ್) ಮತ್ತು ಸ್ಲೋ-ಬ್ಲೋ ಫ್ಯೂಸ್ ಹಾಕಿ.

ಕೆಪಾಸಿಟರ್ ಕೊಳ್ಳುವಾಗ ಮೈಕ್ರೊಫ್ಯಾರಡ್‌ಗಿಂತ ಅದರ ಮೇಲಿನ ಉಷ್ಣತೆಯ ಅಂಕಿ ನೋಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಇಳಿದಾಗ ಸರಿಸುಮಾರು ಇಮ್ಮಡಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೇ 42-43 ಡಿಗ್ರಿ, ಪೆಟ್ಟಿಗೆಯೊಳಗೆ 65 ಅಂತ ಹಿಡಿಯಿರಿ. 2,000 ಗಂಟೆಯ 85 ಡಿಗ್ರಿ ಕೆಪಾಸಿಟರ್ ಅಲ್ಲಿ 8,000 ಗಂಟೆ ಬಾಳುತ್ತದೆ. ಅದೇ 105 ಡಿಗ್ರಿಯದ್ದು 32,000 ಗಂಟೆ. ಬೆಲೆಯ ವ್ಯತ್ಯಾಸ ಇದರ ಮುಂದೆ ಏನೂ ಅಲ್ಲ. ಆಂಪ್ಲಿಫೈಯರ್ ಅನ್ನು ಗೋಡೆಯ ಗೂಡಿನಲ್ಲಿ ಇಡಬೇಡಿ. ಶಹಾಬಾದ್ ಕಲ್ಲಿನ ಹಲಗೆಯ ಮೇಲೆ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಇಡಿ.

ಇನ್ನು ಎಸ್‌ಎಂಪಿಎಸ್. ದುಬಾರಿ ಆಂಪ್ಲಿಫೈಯರ್‌ಗೆ ಅದು ತಕ್ಕದ್ದಲ್ಲ ಅನ್ನುವ ಮಾತು ಹಳತಾಯಿತು. ಕಾರ್ಡ್ (Chord), ಲಿನ್, ಬೆಂಚ್‌ಮಾರ್ಕ್ ಕಂಪನಿಗಳೆಲ್ಲ ಅದನ್ನೇ ಬಳಸಿ ಅತ್ಯುತ್ತಮ ಆಂಪ್ಲಿಫೈಯರ್ ಮಾಡಿವೆ. ವೋಲ್ಟೇಜ್ 190 ಆದರೂ 250 ಆದರೂ ಒಳಗಿನ ಸಪ್ಲೈ ಅಲುಗಾಡುವುದಿಲ್ಲ ಅನ್ನೋದು ನಮ್ಮ ಕಡೆಗೆ ದೊಡ್ಡ ಅನುಕೂಲ. ಆದರೆ ಅದು ಆಡಿಯೊಗೆಂದೇ ಮಾಡಿದ್ದಾಗಿರಬೇಕು. ಎಲ್‌ಇಡಿ ಪಟ್ಟಿಗೆ ಬಳಸುವ ಅಗ್ಗದ ಸಪ್ಲೈ ಎರಡು ಜೋಡಿಸಿ ಹಾಕಿದರೆ ಡಗ್ಗಾದ ಒಂದು ಏಟಿಗೆ ಟ್ರಿಪ್ ಆಗಿ ಕೂರುತ್ತದೆ. ಗುಡುಗು ಸಿಡಿಲಿಗೆ ಸುಟ್ಟರೆ ಬೋರ್ಡನ್ನೇ ಬದಲಿಸಬೇಕು. ಟ್ರಾನ್ಸ್‌ಫಾರ್ಮರ್ ಸಪ್ಲೈ ಕೆಟ್ಟರೆ ನೀವೇ ಅಂಗಡಿಯಿಂದ ಬ್ರಿಡ್ಜ್ ತಂದು ಹಾಕಿಕೊಳ್ಳಬಹುದು. ಈಗಾಗಲೇ ಕಟ್ಟಿದ್ದೀರಿ, ಅದರಲ್ಲೇ ಇರಿ.

ಇನ್ವರ್ಟರ್ ವಿಷಯ ಸುಲಭ. ನಿಮ್ಮದು ಸ್ಕ್ವೇರ್ ವೇವ್, ಅಂದರೆ ಚೌಕ ಅಲೆ ಕೊಡುವ ಇನ್ವರ್ಟರ್ ಇರಬೇಕು. ಸೈನ್ ಅಲೆ 230 ಅಂದರೆ ಅದರ ತುದಿ 325 ವೋಲ್ಟ್. ಚೌಕ ಅಲೆಯಲ್ಲಿ 220 ಅಂದರೆ ತುದಿಯೂ 220. ಕೆಪಾಸಿಟರ್ ತುಂಬೋದು ತುದಿಯ ವೋಲ್ಟೇಜ್‌ಗೆ, ಅಲ್ವಾ? ಹಾಗಾಗಿ ನಿಮ್ಮ 34 ವೋಲ್ಟ್ 23ಕ್ಕೆ ಇಳಿಯುತ್ತದೆ. ಪ್ರಿಆಂಪ್‌ನ ರೆಗ್ಯುಲೇಟರ್‌ಗೆ 13 ಮಾತ್ರ ಸಿಗುತ್ತದೆ. 7812 ಹಾಕಿದರೂ ಅಲ್ಲಿ ಸಾಲದು. ಜೊತೆಗೆ ಚೌಕ ಅಲೆಯ ಚೂಪು ಅಂಚುಗಳು ಟ್ರಾನ್ಸ್‌ಫಾರ್ಮರ್ ದಾಟಿ ಒಳಗೆ ಬರುತ್ತವೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬರುವ ತನಕ ಕರೆಂಟ್ ಹೋದಾಗ ಆಂಪ್ಲಿಫೈಯರ್ ಆಫ್ ಮಾಡಿ.

ಹಮ್ ಹೋಗಲಿ ಅಂತ ಅರ್ಥ್ ಪಿನ್ ಮಾತ್ರ ಕೀಳಬೇಡಿ. ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಶನ್ ಕೆಟ್ಟ ದಿನ ಲೋಹದ ಪೆಟ್ಟಿಗೆ ಮುಟ್ಟಿದವರ ಜೀವಕ್ಕೇ ಅಪಾಯ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ರಾಡ್‌ನಿಂದ ದೂರ ಸರಿಯುತ್ತದೆ. ಏಪ್ರಿಲ್-ಮೇನಲ್ಲಿ ಗುಂಡಿಗೆ ಆಗಾಗ ನೀರು ಹಾಕಿಸಿ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡೋದೇ ಕಷ್ಟ, ಅಲ್ಲಿನವರು ಇನ್ನೂ ಜಾಸ್ತಿ ಗಮನ ಕೊಡಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಪ್ಲಗ್ ಕಿತ್ತು, 100 ಓಮ್ 10 ವಾಟ್ ರೆಸಿಸ್ಟರ್‌ನಿಂದ ಎರಡೂ ಕೆಪಾಸಿಟರ್‌ಗಳನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಬೇಡಿ. ವೈರಿಂಗ್ ಮುಗಿದ ಮೇಲೆ ಮೊದಲ ಸಲ 100 ವಾಟ್‌ನ ಸೀರೀಸ್ ಬಲ್ಬ್ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಬೆಳಗುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ, ಎಲ್ಲೋ ತಪ್ಪು ಜೋಡಣೆ ಆಗಿದೆ.

ಇವತ್ತು ಸಂಜೆ ಹಮ್ ಬಂದಾಗ, ಏನನ್ನೂ ಬದಲಿಸುವ ಮೊದಲು, ಮೂರು ಅಳತೆ ತೆಗೆದಿಡಿ. ಸಾಕೆಟ್‌ನ ಎಸಿ ವೋಲ್ಟೇಜ್, 7815ರ ಮೊದಲ ಕಾಲಿನ ಡಿಸಿ ವೋಲ್ಟೇಜ್, ಅದರ ಮೂರನೇ ಕಾಲಿನದ್ದು. ಸಾಕೆಟ್‌ಗೆ ಮೀಟರ್ ಹಿಡಿಯುವಾಗ ಜೋಪಾನ. ಮೂರನೇ ಕಾಲು 14.5ರ ಆಸುಪಾಸು ತೋರಿಸಿದರೆ ಕಾರಣ ಖಚಿತವಾಯಿತು. 15 ಸರಿಯಾಗಿಯೇ ಇದ್ದು ಹಮ್ ಇದ್ದರೆ, ಪವರ್ ಆಂಪ್‌ನ ಇನ್‌ಪುಟ್‌ಗೆ ಒಳಗೆ ಶಾರ್ಟ್ ಮಾಡಿದ ಆರ್‌ಸಿಎ ಪ್ಲಗ್ ಹಾಕಿ ಕೇಳಿ. ಸದ್ದು ನಿಂತಿತೋ ಉಳಿಯಿತೋ ಅನ್ನೋದನ್ನು ಆ ಮೂರು ಅಂಕಿಗಳ ಜೊತೆ ಬರೆದು ಕಳಿಸಿ. ಅಲ್ಲಿಂದ ಮುಂದೆ ನೋಡೋಣ.